ಪಟ್ಟಿಯಲ್ಲಿ ಮೊದಲನೆಯ ಊರು

ಅಧಿಕಾರ ಅನ್ನುವುದು ಕೆಲವರಿಗೆ ಕುರ್ಚಿಯಿಂದ ಬರುತ್ತದೆ, ಕೆಲವರಿಗೆ ಮಾವನ ಮನೆಯಿಂದ ಬರುತ್ತದೆ. ನಮ್ಮ ನಟರಾಜುವಿಗೆ ಬಂದದ್ದು ಒಂದು ಪಾಸ್‌ವರ್ಡಿನಿಂದ. ಬಂದ ಅಧಿಕಾರವನ್ನು ಬಚ್ಚಿಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಅವನೂ ಸುಖವಾಗಿರುತ್ತಿದ್ದ.

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಬಾಟಲಿ ಮುಚ್ಚಳ ಮಾಡುವ ಒಂದು ಕಂಪನಿ. ಅಲ್ಲಿ ಮೊದಲೆಲ್ಲ ಫ್ಯಾನು ಕೆಟ್ಟರೆ ಎಲೆಕ್ಟ್ರಿಷಿಯನ್ನನ್ನು ಕೂಗುತ್ತಿದ್ದರು, ಕುಡಿಯುವ ನೀರು ಮುಗಿದರೆ ಅಟೆಂಡರನ್ನು ಬೈಯುತ್ತಿದ್ದರು, ಬಸ್ಸು ಬರದಿದ್ದರೆ ಎಲ್ಲರೂ ಸೇರಿ ಎಲ್ಲರನ್ನೂ ಬೈಯುತ್ತಿದ್ದರು. ಕೆಲಸ ಹೇಗೋ ನಡೆದುಹೋಗುತ್ತಿತ್ತು. ಆಮೇಲೆ ಹೆಡ್ ಆಫೀಸಿನವರು ‘ಸರ್ವಿಸ್ ಡೆಸ್ಕ್’ ಅಂತ ಒಂದನ್ನು ತಂದು ಕಂಪ್ಯೂಟರಿನೊಳಗೆ ಕೂರಿಸಿದರು. ಇನ್ನು ಮೇಲೆ ಯಾರೂ ಕೂಗುವಂತಿಲ್ಲ. ಯಾರಿಗೆ ಏನು ಬೇಕಿದ್ದರೂ ಫಾರಂ ತುಂಬಬೇಕು. ತುಂಬುವುದು ಅಂದರೆ ಬರೆಯುವುದಲ್ಲ, ಖಾನೆಯ ಪಕ್ಕದಲ್ಲಿ ಒಂದು ಪುಟ್ಟ ಬಾಣ ಇರುತ್ತದೆ, ಅದನ್ನು ಒತ್ತಿದರೆ ಒಂದು ಪಟ್ಟಿ ಕೆಳಕ್ಕೆ ಇಳಿಬೀಳುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು. ‘ಏನು ಬೇಕು’ ಅನ್ನುವುದಕ್ಕೆ ಒಂದು ಪಟ್ಟಿ, ‘ಎಲ್ಲಿಗೆ ಬೇಕು’ ಅನ್ನುವುದಕ್ಕೆ ಇನ್ನೊಂದು.

ಈ ಪಟ್ಟಿಗಳಿಗೆ ಸೇರಿಸುವುದು, ತೆಗೆಯುವುದು, ಮೇಲಿನದನ್ನು ಕೆಳಗೆ ಮಾಡುವುದು ನಟರಾಜುವಿನ ಕೆಲಸ. ಕನಕಪುರದಲ್ಲಿ ಟೈಪಿಂಗ್ ಕಲಿತವನು ಅನ್ನುವ ಒಂದೇ ಕಾರಣಕ್ಕೆ ಪಾಸ್‌ವರ್ಡು ಅವನ ಪಾಲಿಗೆ ಬಂದಿತ್ತು. ಮ್ಯಾನೇಜರ್ ಯೋಗಾನಂದ ದಿನಕ್ಕೊಂದು ಸಲ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು: “ಸಿಸ್ಟಮ್‌ನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ!” ಹಾಗಾದರೆ ಇರುವುದನ್ನು ಇರಿಸುವವನು, ಇಲ್ಲದ್ದನ್ನು ಇಲ್ಲವಾಗಿಸುವವನು ಯಾರು? ನಟರಾಜು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿಯ ಜಾಗದಲ್ಲಿ ತಾನು ಕೂತಿದ್ದೇನೆ ಅಂತ ಅವನಿಗೆ ಅನ್ನಿಸತೊಡಗಿತು.

ಕೊರತೆ ಒಂದೇ. ಪೂಜಾರಿ ಇನ್ನೂ ಟೆಂಪರರಿ. ವರ್ಷಗಳಿಂದ ಟೆಂಪರರಿ. “ಈ ಏಪ್ರಿಲ್ ಕಳೀಲಿ, ಮೇ ತಿಂಗಳಲ್ಲಿ ಪರ್ಮನೆಂಟ್ ಆರ್ಡರ್ ಬರುತ್ತೆ. ಅಲ್ಲಿವರೆಗೆ ಒಂದು ತಪ್ಪೂ ಆಗಬಾರದು” ಅಂದಿದ್ದರು ಯೋಗಾನಂದ. ಅವತ್ತಿನಿಂದ ನಟರಾಜುವಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಿತ್ತು.

ಹೀಗಿರುವಾಗ ಯುಗಾದಿ ಬಂತು, ಮಾರನೆಯ ದಿನ ವರ್ಷತೊಡಕು ಬಂತು. ವರ್ಷತೊಡಕಿನ ದಿನ ಏನಾಗುತ್ತದೋ ವರ್ಷವಿಡೀ ಅದೇ ಅಂತ ನಮ್ಮ ಕಡೆ ನಂಬಿಕೆ. ಹಾಗಾಗಿ ಅವತ್ತು ಯಾರೂ ಜಗಳವಾಡುವುದಿಲ್ಲ, ಯಾರೂ ಅಳುವುದಿಲ್ಲ, ಎಲ್ಲರೂ ಬಾಡೂಟ ಮಾಡುತ್ತಾರೆ. ನಟರಾಜು ಹೆಂಡತಿ ದಿವ್ಯಳನ್ನು ಕರೆದುಕೊಂಡು ದೊಡ್ಡಆಲಹಳ್ಳಿಗೆ, ಮಾವ ಬೋರಲಿಂಗಯ್ಯನವರ ಮನೆಗೆ ಹೋದ. ಮುಖ್ಯರಸ್ತೆಯಲ್ಲಿ ಇಳಿದು ಬಿಸಿಲಲ್ಲಿ ನಡೆದೇ ಹೋದ. ಬೋರಲಿಂಗಯ್ಯನವರು ಜಗಲಿಯ ಮೇಲಿಂದಲೇ “ಬನ್ನಿ ಅಳಿಮಯ್ಯ” ಅಂದರು. ಎದ್ದು ನಿಲ್ಲಲಿಲ್ಲ.

ಒಸಿ ಹೊತ್ತಿಗೆ ಬೀದಿಯ ಕೊನೆಯಲ್ಲಿ ಹಾರನ್ನು, ಅದರ ಹಿಂದೆ ವಿಷಲ್ಲು. ಸರ್ಕಾರಿ ಬಸ್ಸು ನೇರವಾಗಿ ಮನೆಯ ಮುಂದೆ ಬಂದು ನಿಂತಿತು. ಬಾಗಿಲಿನಿಂದ ದೊಡ್ಡಳಿಯ ಸ್ವಾಮಿ ಇಳಿದ. ದಿವ್ಯಳ ಅಕ್ಕ ಧನುಶ್ರೀಯ ಗಂಡ, ನಟರಾಜುವಿನ ಷಡ್ಡಕ, ಕಂಡಕ್ಟರು. ಹಬ್ಬದ ದಿನವೂ ಡ್ಯೂಟಿಯ ಮೇಲೇ ಬಂದಿದ್ದ. ಈ ಸಲ ಬೋರಲಿಂಗಯ್ಯನವರು ಎದ್ದು ನಿಂತರು, ಚೊಂಬಿನಲ್ಲಿ ಕೈಕಾಲಿಗೆ ನೀರನ್ನೂ ಕೊಟ್ಟರು. ಸ್ವಾಮಿ ಊಟಕ್ಕೆ ಕೂತ. ಬಸ್ಸು ಕಾಯುತ್ತಿತ್ತು. ಬಸ್ಸಿನ ಜನವೂ ಕಾಯುತ್ತಿತ್ತು. ಅವರೆಲ್ಲ ಆ ಸೀಮೆಯವರೇ, ಮಾವನ ಮನೆಯಲ್ಲಿ ಉಣ್ಣುತ್ತಿರುವ ಅಳಿಯನನ್ನು ಎಬ್ಬಿಸಬಾರದು ಅನ್ನುವಷ್ಟು ಮರ್ಯಾದೆ ಬಲ್ಲವರು.

ಅತ್ತೆ ಕಾವೇರಮ್ಮ ಸಾರಿನ ಪಾತ್ರೆಗೆ ಸೌಟು ಹಾಕಿ, ತಳದಲ್ಲಿ ತಡಕಾಡಿ, ಮಜ್ಜೆ ತುಂಬಿದ ನಲ್ಲಿಮೂಳೆಯನ್ನು ಹಿಡಿದು ತಂದು ಸ್ವಾಮಿಯ ಎಲೆಗೆ ಇಳಿಸಿದರು. ನಟರಾಜುವಿನ ಎಲೆಗೆ ಬಂದದ್ದು ಆಲೂಗಡ್ಡೆ.

“ನಮ್ ದೊಡ್ಡಳಿಮಯ್ಯ ಬಂದ್ರೆ ಮನೆ ಮುಂದ್ಕೇ ಬಸ್ ಬತ್ತದೆ” ಅಂದರು ಬೋರಲಿಂಗಯ್ಯ, ಪಕ್ಕದ ಎಲೆಯಲ್ಲಿ ಕೂತಿದ್ದ ದಾಯಾದಿ ಗಂಗಯ್ಯನಿಗೆ ಕೇಳಿಸುವ ಹಾಗೆ.

“ಚಿಕ್ಕಳಿಮಯ್ಯ?” ಗಂಗಯ್ಯ ಬೇಕೆಂದೇ ಕೇಳಿದ.

“ಅವರಿನ್ನೂ ಟೆಂಪರ್ವರಿ.”

“ಕೆಲ್ಸವೋ, ಅಳಿಯನೋ?”

“ಎರಡೂನೂವೆ!” ಅಂದ ಸ್ವಾಮಿ, ಮೂಳೆಯನ್ನು ಎಲೆಗೆ ಬಡಿಯುತ್ತಾ. ಎಲ್ಲರೂ ನಕ್ಕರು. ಬಡಿಸುತ್ತಿದ್ದ ದಿವ್ಯಳ ಕೈ ಮಾತ್ರ ನಿಂತಿತು. ಅದನ್ನು ನಟರಾಜು ನೋಡಿದ. ಇನ್ನು ವರ್ಷವಿಡೀ ಇದೇ ನಗು, ಇದೇ ಆಲೂಗಡ್ಡೆ ಅಂತ ಅವನಿಗೆ ಅನ್ನಿಸಿತು. ಬಾಯಲ್ಲಿದ್ದ ಮುದ್ದೆಯನ್ನು ನುಂಗುವುದಕ್ಕೆ ಮೊದಲೇ ಮಾತು ಹೊರಗೆ ಬಿತ್ತು:

“ಸ್ವಾಮಣ್ಣ, ನೀವು ಬಸ್ ನಿಲ್ಲುಸ್ತೀರಿ. ನಾನು ಬಸ್ ಕಳುಸ್ತೀನಿ. ಯಾವೂರ್ಗೆ ಬಸ್ ಹೋಗ್ಬೇಕು ಅನ್ನೋ ಪಟ್ಟಿ ನನ್ ಕೈಲೈತೆ.”

ನಗು ನಿಂತಿತು. ಬೋರಲಿಂಗಯ್ಯ ತಿರುಗಿ ನೋಡಿದರು. “ಕಂಪನಿ ಬಸ್ಸಾ? ಆ ಪಟ್ಟಿಲಿ ನಮ್ಮೂರು ಐತಾ?”

“ಇಲ್ಲ. ನಾಳೆ ಹಾಕ್ತೀನಿ.”

“ಎಷ್ಟ್ನೇದು?”

ಈ ಪ್ರಶ್ನೆ ಯಾಕೆ ಬಂತು ಅಂತ ಹೇಳಬೇಕು. ಬೋರಲಿಂಗಯ್ಯನವರಿಗೆ ಗೊತ್ತಿದ್ದ ಪಟ್ಟಿ ಒಂದೇ, ಲಗ್ನಪತ್ರಿಕೆಯ ಕೊನೆಗೆ ‘ತಮ್ಮ ಸುಖಾಗಮನ ಬಯಸುವವರು’ ಅಂತ ಬರುವ ಪಟ್ಟಿ. ಒಂದು ಮದುವೆಯಲ್ಲಿ ತಮ್ಮ ಹೆಸರು ಗಂಗಯ್ಯನ ಹೆಸರಿನ ಕೆಳಗೆ ಅಚ್ಚಾಗಿತ್ತು ಅನ್ನುವುದಕ್ಕೆ ಅವರು ಧಾರೆಗೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡದೆ, ಊಟ ಮಾಡಲಿಲ್ಲ ಅಂತ ಛತ್ರದ ತುಂಬ ಹೇಳಿಕೊಂಡು ಮನೆಗೆ ಬಂದವರು. ಅಂಥವರ ಊರನ್ನು ಎಲ್ಲೋ ನಡುವೆ ತುರುಕುವುದೆಂದರೇನು!

“ಹಾಕೋದಾದ್ರೆ ಮೊದಲ್ನೇದಾಗಿ ಹಾಕಿ. ಇಲ್ದಿದ್ರೆ ಬ್ಯಾಡವೇ ಬ್ಯಾಡ” ಅಂದರು. ಆಮೇಲೆ ದನಿ ಇಳಿಸಿ, “ನಮ್ದೊಂದು ಹೆಸ್ರೂ ಬರಂಗೈತಾ?” ಅಂತ ಕೇಳಿದರು.

“ಪ್ರತಿ ಊರ್ಗೂ ಒಬ್ರು ಇನ್‌ಚಾರ್ಜ್ ಇರ್ತಾರೆ ಮಾವ. ನಿಮ್ ಹೆಸ್ರು, ನಿಮ್ ಫೋನ್ ನಂಬರ್ ಹಾಕ್ಬುಡ್ತೀನಿ.”

“ಅಮ್ಮೀ” ಅಂದರು ಬೋರಲಿಂಗಯ್ಯ ಹೆಂಡತಿಗೆ, “ಚಿಕ್ಕಳಿಮಯ್ಯಂಗೆ ಒಂದು ಒಳ್ಳೆ ತುಂಡು ನೋಡು.”

ಮಾರನೆಯ ದಿನ ನಟರಾಜು ಕಂಪ್ಯೂಟರಿನ ಮುಂದೆ ಕೂತು ‘ಎಲ್ಲಿಗೆ ಬೇಕು’ ಪಟ್ಟಿಯನ್ನು ಬಿಚ್ಚಿದ. ಎಲ್ಲ ಫಾರಂಗಳಿಗೂ ಒಂದೇ ಪಟ್ಟಿ. ಕ್ಯಾಂಟೀನು, ಗೋಡೌನು, ಮಿಷನ್ ಶೆಡ್ಡು, ಆಮೇಲೆ ಬಸ್ಸು ಹೋಗುವ ಊರುಗಳು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ದೊಡ್ಡಆಲಹಳ್ಳಿಯನ್ನು ಸೇರಿಸಿದ, ಇನ್‌ಚಾರ್ಜ್ ಬೋರಲಿಂಗಯ್ಯ ಅಂತ ಬರೆದ, ಎಳೆದು ಮೇಲಕ್ಕೆ ತಂದ. ಆದರೂ ಅದು ಮೊದಲನೆಯದಾಗಲಿಲ್ಲ. ಅದರ ತಲೆಯ ಮೇಲೆ ಒಂದು ಸಾಲು ಕೂತಿತ್ತು: ‘ದಯವಿಟ್ಟು ಆರಿಸಿ’.

ನಟರಾಜು ಯೋಚಿಸಿದ. ‘ದಯವಿಟ್ಟು ಆರಿಸಿ’ ಯಾವ ಊರು? ಯಾವ ಊರೂ ಅಲ್ಲ. ಅದಕ್ಕೆ ಇನ್‌ಚಾರ್ಜ್ ಇಲ್ಲ, ಅಲ್ಲಿಂದ ಯಾರೂ ಕೆಲಸಕ್ಕೆ ಬರುವುದಿಲ್ಲ. ಲಗ್ನಪತ್ರಿಕೆಯಲ್ಲಿ ಎಲ್ಲಕ್ಕಿಂತ ಮೇಲೆ ದೇವರ ಹೆಸರಿರುತ್ತದೆ ಸರಿ, ಇದು ದೇವರೂ ಅಲ್ಲವಲ್ಲ. ಅಳಿಸಿಬಿಟ್ಟ.

ಟೀ ತರಲು ಒಳಬಂದಿದ್ದ ಗೇಟಿನ ವಾಚ್‌ಮನ್ ಮುನಿಶಾಮಯ್ಯ ಬೆನ್ನ ಹಿಂದೆ ನಿಂತು ನೋಡುತ್ತಿದ್ದ. ಅವನು ಸಾವನದುರ್ಗದ ಕಡೆಯವನು. “ನಿಮ್ ಮಾವನ ಊರು ಹಾಕಂಡ್ರಿ. ನಮ್ ವೀರಭದ್ರಸ್ವಾಮಿ ಊರು ಏನ್ ಪಾಪ ಮಾಡೈತೆ?” ಅಂದ. ದೇವರ ವಿಷಯ. ನಟರಾಜು ಸಾವನದುರ್ಗವನ್ನೂ ಸೇರಿಸಿ, ಮಾವನ ಕೆಳಗೆ, ಉಳಿದೆಲ್ಲ ಊರಿನ ಮೇಲೆ ಇಟ್ಟ. ದೇವರಿಗಿಂತ ಮಾವ ಮೇಲಾದದ್ದಕ್ಕೆ ಒಮ್ಮೆ ಕೆನ್ನೆ ಕೆನ್ನೆ ಬಡಿದುಕೊಂಡ.

ಆ ‘ದಯವಿಟ್ಟು ಆರಿಸಿ’ ಅಲ್ಲಿ ಸುಮ್ಮನೆ ಕೂತಿರಲಿಲ್ಲ. ಯಾರಾದರೂ ಊರನ್ನು ಆರಿಸುವುದು ಮರೆತರೆ ಫಾರಂ ಕೆಂಪಗಾಗಿ, ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಈಗ ಅದು ಹೋಯಿತಲ್ಲ, ಮರೆತವರ ಫಾರಂ ಪಟ್ಟಿಯಲ್ಲಿ ಯಾವುದು ಮೊದಲನೆಯದೋ ಅದನ್ನೇ ಹಿಡಿದುಕೊಂಡು ಸಲೀಸಾಗಿ ಹೋಗತೊಡಗಿತು. ಇದು ನಿಮಗೆ ಗೊತ್ತಾಯಿತು, ನನಗೆ ಗೊತ್ತು. ನಟರಾಜುವಿಗೆ ಗೊತ್ತಿರಲಿಲ್ಲ. ಸೂಪರ್‌ವೈಸರುಗಳು ಬಂದು ಬೆನ್ನು ತಟ್ಟಿದರು. “ಏನ್ ಮಾಡ್ದೆಲಾ ನಟರಾಜು? ಫಾರಂ ಈಗ ಕೆಂಪಗಾಗಾದೇ ಇಲ್ಲ, ಬೆಣ್ಣೆ ಜಾರ್ದಂಗೆ ಜಾರ್ತದೆ!” ನಟರಾಜು ವಿನಯದಿಂದ ತಲೆ ಬಗ್ಗಿಸಿದ. ಏನು ಮಾಡಿದೆ ಅಂತ ಅವನಿಗೇ ತಿಳಿಯದಿದ್ದರೂ, ಹೊಗಳಿಕೆಯನ್ನು ವಾಪಸ್ಸು ಕೊಡುವುದು ಸರಿಯಲ್ಲ.

ಮೊದಲ ಫೋನು ಆ ವಾರವೇ ಬಂತು.

“ಅಳಿಮಯ್ಯಾ, ನೀರಿನ ಕ್ಯಾನು ಬಂತು! ಗಾಡಿ ತುಂಬಾ! ‘ಇನ್‌ಚಾರ್ಜ್ ಯಾರು’ ಅಂದ್ರು. ‘ನಾನೇ’ ಅಂದೆ. ಸೈನ್ ಹಾಕುಸ್ಕಂಡು ಇಳ್ಸಿ ಹೋದ್ರು. ನಮ್ ಬೋರ್ವೆಲ್ ಕೆಟ್ಟಿರಾದು ನಿಮ್ಗೆ ಎಂಗೆ ಗೊತ್ತಾಯ್ತು?”

ನಟರಾಜುವಿಗೆ ಏನೂ ಗೊತ್ತಿರಲಿಲ್ಲ. ಆದರೆ ಮಾವನ ದನಿಯಲ್ಲಿ ಅಂಥ ಸಂತೋಷವನ್ನು ಅವನು ಮದುವೆಯ ದಿನವೂ ಕೇಳಿರಲಿಲ್ಲ. “ಗೊತ್ತಾಗ್ದೆ ಇರ್ತದಾ ಮಾವ, ಇರ್ಲಿ ಬುಡಿ” ಅಂದ. ಅತ್ತ ಕ್ಯಾಂಟೀನಿನಲ್ಲಿ ಕುಡಿಯುವ ನೀರಿಲ್ಲ ಅಂತ ಗಲಾಟೆ ನಡೆಯುತ್ತಿತ್ತು. ಆ ಗಲಾಟೆಗೂ ಈ ಫೋನಿಗೂ ಸಂಬಂಧ ಇರಬಹುದು ಅನ್ನುವ ಯೋಚನೆ ಅವನ ಹತ್ತಿರ ಸುಳಿಯಿತು, ಅವನು ಎದ್ದು ಇನ್ನೊಂದು ಕಡೆ ಹೋದ.

ಆಮೇಲೆ ಎಲೆಕ್ಟ್ರಿಷಿಯನ್ ಹೋಗಿ ಬೋರಲಿಂಗಯ್ಯನವರ ಮನೆಯ ಫ್ಯಾನು ರಿಪೇರಿ ಮಾಡಿ ಬಂದ. ಗೋಡೌನಿನ ಇಲಿ ಹಿಡಿಯಬೇಕಾದವರು ಅವರ ಅಟ್ಟದ ಇಲಿ ಹಿಡಿದರು. ಮಿಷನ್ ಶೆಡ್ಡಿಗೆ ಬಣ್ಣ ಹೊಡೆಯಬೇಕಾದವರು ಅವರ ಮನೆಯ ಮುಂಭಾಗಕ್ಕೆ ಕಂಪನಿಯ ಹಸಿರು ಬಣ್ಣ ಬಳಿದರು. ಬೋರಲಿಂಗಯ್ಯನವರು ಎಲ್ಲಕ್ಕೂ ಸೈನ್ ಹಾಕಿದರು. ಸೈನ್ ಹಾಕಲು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವುದನ್ನೂ ಕಲಿತರು. ಗಂಗಯ್ಯ ತನ್ನ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಅಳಿಯ ಮನೆ ತೊಳಿಯ ಅಂತ ಗಾದೆ, ಬಂದವನು ಮನೆಯನ್ನೇ ಗುಡಿಸಿಕೊಂಡು ಹೋಗುತ್ತಾನೆ ಅಂತ. ಈ ಅಳಿಯನೋ ಮಾವನ ಮನೆಯನ್ನು ತುಂಬಿಸುತ್ತಿದ್ದಾನಲ್ಲ!

“ನಿಮ್ಗೆ ಇದೆಲ್ಲ ಎಲ್ಲಿಂದ ಬಂತು ರೀ?” ಅಂತ ದಿವ್ಯ ಒಂದು ಸಂಜೆ ಕೇಳಿದಳು. “ನಮ್ಮಪ್ಪ ನಿಮ್ಮನ್ನ ಹೊಗಳ್ತಾ ಇದ್ರು. ನನ್ಗೆ ಭಯ ಆಯ್ತದೆ.”

“ಭಯ ಯಾಕೆ? ನಾನೊಂದು ಹೆಸ್ರು ಹಾಕ್ದೆ ಅಷ್ಟೇಯ” ಅಂದ ನಟರಾಜು, ಮನೆಯೊಳಗೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತಾ. ಭಯ ಅವನಿಗೂ ಆಗುತ್ತಿತ್ತು.

ತಿಂಗಳ ಕೊನೆ ಬಂತು. ಮುಂದಿನ ತಿಂಗಳ ಬಸ್ಸಿಗಾಗಿ ನಾಲ್ಕು ಊರಿಗೂ ಒಬ್ಬೊಬ್ಬ ಸೂಪರ್‌ವೈಸರ್ ಫಾರಂ ತುಂಬಬೇಕು. ಬೆಣ್ಣೆಯಂಥ ಫಾರಂ. ಯಾರೂ ಬಾಣ ಒತ್ತಲಿಲ್ಲ. ನಾಲ್ಕು ಫಾರಂಗಳೂ ಜಾರಿ, ಬಸ್ಸು ಓಡಿಸುವ ಗುತ್ತಿಗೆದಾರ ಸನಾವುಲ್ಲಾ ಅವರ ಕೈ ಸೇರಿದವು. ಸನಾವುಲ್ಲಾ ಒಳ್ಳೆಯವರು. ಹಿಂದೊಮ್ಮೆ ದಾರಿಯಲ್ಲಿ ಮಳೆಗೆ ಸಿಕ್ಕಿದ್ದ ಗಾರ್ಮೆಂಟ್ಸ್ ಹೆಂಗಸರನ್ನು ಕನಿಕರದಿಂದ ಹತ್ತಿಸಿಕೊಂಡಿದ್ದಕ್ಕೆ ಯೋಗಾನಂದರು ಅವರನ್ನು ನಿಲ್ಲಿಸಿಕೊಂಡು ಬೈದಿದ್ದರು: “ಸಿಸ್ಟಮ್‌ನಲ್ಲಿ ಇರೋದನ್ನ ಮಾಡಿ. ನಿಮ್ಮ ಬುದ್ಧಿ ಉಪಯೋಗಿಸಬೇಡಿ!” ಸನಾವುಲ್ಲಾ ಅವತ್ತಿನಿಂದ ಉಪಯೋಗಿಸುತ್ತಿರಲಿಲ್ಲ.

ಮೇ ತಿಂಗಳ ಮೊದಲ ಕೆಲಸದ ದಿನ. ಮುಂಬೈಯಿಂದ ಹೆಡ್ ಆಫೀಸಿನ ದೊಡ್ಡವರೊಬ್ಬರು ಬರುವವರಿದ್ದರು. ಕಾರ್ಖಾನೆ ನೋಡುವುದು, ಪರ್ಮನೆಂಟ್ ಆದವರಿಗೆ ತಮ್ಮ ಕೈಯಿಂದಲೇ ಆರ್ಡರ್ ಕೊಡುವುದು. ಯೋಗಾನಂದರು ಟೈ ಕಟ್ಟಿಕೊಂಡು, ಹಾರ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದರು. ಆರ್ಡರ್ ತಯಾರು ಮಾಡುವ ಮಮತಾ ಮೇಡಂ ಕವರುಗಳನ್ನು ಜೋಡಿಸಿಕೊಂಡು ನಿಂತಿದ್ದರು. ನಟರಾಜು ಪಕ್ಕದ ಮನೆಯವರ ಬೈಕು ಕೇಳಿಕೊಂಡು ಬೇಗನೆ ಬಂದು, ಒಗೆದು ಇಸ್ತ್ರಿ ಮಾಡಿದ ಷರ್ಟಿನಲ್ಲಿ ಬೆವರುತ್ತಿದ್ದ. ಬಸ್ಸುಗಳು ಬರುವ ಹೊತ್ತಾಯಿತು. ಬರಲಿಲ್ಲ. ಫೋನು ಬಂತು.

“ಅಳಿಮಯ್ಯಾ! ಬಂತು! ಬಸ್ಸು! ಮನೆ ಮುಂದ್ಕೇ ಬಂತು!”

ನಟರಾಜುವಿನ ಎದೆ ಅರಳಿತು. “ಹೇಳಿರ್ಲಿಲ್ವಾ ಮಾವ” ಅಂದ.

ಫೋನು ಮತ್ತೆ ಹೊಡೆದುಕೊಂಡಿತು. “ಇನ್ನೊಂದು ಬಂತಲ್ಲ ಅಳಿಮಯ್ಯ. ಇದ್ಯಾಕೆ?”

“ಅದು... ಸ್ಪೇರು” ಅಂದ ನಟರಾಜು.

ಮತ್ತೊಮ್ಮೆ. “ಇನ್ನೂ ಒಂದು ಬಂತು! ಬೀದೀಲಿ ಜಾಗವೇ ಇಲ್ಲ. ಗಂಗಯ್ಯನ ಬಾಗ್ಲಿಗೆ ಅಡ್ಡ ನಿಂತೈತೆ, ಅವ್ನು ಈಚೆಗೆ ಬರಂಗೇ ಇಲ್ಲ. ಅದೊಂದು ಒಳ್ಳೇದೇ ಆಯ್ತು ಬುಡಿ. ಡ್ರೈವರ್‌ಗಳ್ಗೆ ನಿಮ್ಮತ್ತೆ ಕಾಫಿ ಕಾಯುಸ್ತಾವ್ಳೆ.”

ಅಷ್ಟರಲ್ಲಿ ಗೇಟಿನ ಫೋನೂ ಶುರುವಾಗಿತ್ತು. ಮಾಗಡಿಯವರು ಬಸ್ಸೆಲ್ಲಿ ಅಂದರು. ಚನ್ನಪಟ್ಟಣದವರು ಬಸ್ಸೆಲ್ಲಿ ಅಂದರು. ರಾಮನಗರದವರು ಬಸ್ಸೆಲ್ಲಿ ಅನ್ನುವುದರ ಜೊತೆಗೆ ಇನ್ನೂ ಕೆಲವು ಮಾತು ಅಂದರು, ಅವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಟರಾಜುವಿನ ಮೊಬೈಲು ಮತ್ತೆ ಕೂಗಿತು. ಈ ಸಲ ಸ್ವಾಮಿ.

“ಲೇ ನಟರಾಜು! ನಾಲ್ಕ್ ಬಸ್ ಮಧ್ಯ ನನ್ ಬಸ್ ಸಿಕ್ಕಾಕಂಡೈತೆ ಕಣ್ಲಾ! ಹಿಂದ್ಕೂ ಆಗಾದಿಲ್ಲ, ಮುಂದ್ಕೂ ಆಗಾದಿಲ್ಲ! ಡಿಪೋಗೆ ಏನಂತ ಹೇಳ್ಲಿ?”

ಅವನ ಹಿಂದಿನಿಂದ ಬೋರಲಿಂಗಯ್ಯನವರ ದನಿ ತಣ್ಣಗೆ ಕೇಳಿಸಿತು: “ಒಸಿ ತಡಕಳಿ ದೊಡ್ಡಳಿಮಯ್ಯ. ಮುಂದಿರಾದು ಚಿಕ್ಕಳಿಮಯ್ಯಂದು.”

ಆ ಮಾತಿಗಾಗಿ ನಟರಾಜು ಎಷ್ಟು ವರ್ಷ ಕಾದಿದ್ದ! ಅದು ಬಂದ ಹೊತ್ತಿನಲ್ಲಿ ಅದನ್ನು ಸವಿಯುವ ಯೋಗ ಅವನಿಗಿರಲಿಲ್ಲ. ಯೋಗಾನಂದರು ಹಾರವನ್ನು ಮುನಿಶಾಮಯ್ಯನ ಕೊರಳಿಗೆ ಹಾಕಿ, ಕಂಪ್ಯೂಟರಿನ ಕಡೆ ಓಡುತ್ತಿದ್ದರು.

“ದೊಡ್ಡಆಲಹಳ್ಳಿ! ದೊಡ್ಡಆಲಹಳ್ಳಿ! ದೊಡ್ಡಆಲಹಳ್ಳಿ! ಏನ್ರೀ ಇದು? ಯಾರದ್ರೀ ಈ ಊರು? ತೆಗೀರಿ ಅದನ್ನ! ಈಗಲೇ ತೆಗೀರಿ!”

ನಟರಾಜು ಓಡಿಬಂದು ಪಟ್ಟಿ ಬಿಚ್ಚಿದ. ದೊಡ್ಡಆಲಹಳ್ಳಿಯನ್ನು ಅಳಿಸಿದ. ಪಟ್ಟಿ ಒಂದು ಸಲ ಕಣ್ಣು ಮಿಟುಕಿಸಿತು. ದೊಡ್ಡಆಲಹಳ್ಳಿಯನ್ನು ನೆಚ್ಚಿಕೊಂಡಿದ್ದ ಫಾರಂಗಳೆಲ್ಲ ದಿಕ್ಕು ಕಾಣದೆ, ಈಗ ಯಾವುದು ಮೊದಲನೆಯದೋ ಅದನ್ನು ಹಿಡಿದುಕೊಂಡವು. ಎರಡನೆಯ ಜಾಗದಲ್ಲಿ ಇದ್ದದ್ದು ಯಾವುದು, ಯಾಕೆ ಇತ್ತು, ನಿಮಗೆ ನೆನಪಿದೆ.

ಯೋಗಾನಂದರ ಫೋನು ಹೊಡೆದುಕೊಂಡಿತು. ಸನಾವುಲ್ಲಾ. “ಸಾಬ್, ಈಗ ಮೆಸೇಜ್ ಬಂತು. ನಾಲ್ಕೂ ಗಾಡಿ ಸಾವನದುರ್ಗಕ್ಕೆ ಹೊರಡಿಸಿದೀನಿ. ಒಸಿ ದೂರ ಆಗುತ್ತೆ.”

“ಸಾವನದುರ್ಗದಲ್ಲಿ ಯಾರಿದಾರ್ರೀ, ಕೋತಿಗಳನ್ನ ಕರ್ಕೊಂಡು ಬರ್ತೀರಾ? ಬುದ್ಧಿ ಬೇಡ್ವಾ ನಿಮಗೆ?”

“ಬೇಡ ಅಂದವರು ತಾವೇ ಸಾಬ್.”

ಗೇಟಿನಲ್ಲಿ ಕೊರಳಿಗೆ ಹಾರ ಬಿದ್ದ ಮುನಿಶಾಮಯ್ಯ ವಿಷಯ ಕೇಳಿ, ಸಾವನದುರ್ಗ ಇರುವ ಮಾಗಡಿಯ ದಿಕ್ಕಿಗೆ ತಿರುಗಿ ಕೈಮುಗಿದ. “ನಾಲ್ಕ್ ಬಸ್ನೂ ಕರುಸ್ಕಂಡ್ಬುಟ್ಟ ನಮ್ಮಪ್ಪ!”

ಸರಿಯಾಗಿ ಆಗ ಮುಂಬೈಯ ಕಾರು ಬಂತು. ದೊಡ್ಡವರು ಇಳಿದರು. ಕಾರ್ಖಾನೆಯೊಳಗೆ ಒಂದು ಯಂತ್ರವೂ ತಿರುಗುತ್ತಿರಲಿಲ್ಲ, ಒಬ್ಬನೂ ಇರಲಿಲ್ಲ. ಯೋಗಾನಂದರು ಬೆವರು ಒರೆಸಿಕೊಂಡು, “ಇವತ್ತು ಮೇಂಟೆನೆನ್ಸ್ ಸರ್” ಅಂದರು. ದೊಡ್ಡವರಿಗೆ ವಿಮಾನ ಹಿಡಿಯುವ ಅವಸರ. ಯಾರಿಗಾದರೂ ಒಂದು ಆರ್ಡರ್ ಕೊಟ್ಟು, ಒಂದು ಫೋಟೊ ತೆಗೆಸಿಕೊಂಡು ಹೊರಡಬೇಕು. ಪರ್ಮನೆಂಟ್ ಆಗಬೇಕಾದ ಉಳಿದವರೆಲ್ಲ ಊರೂರಿನಲ್ಲಿ ಬಸ್ಸು ಕಾಯುತ್ತಿದ್ದರು. ಕಣ್ಣಿಗೆ ಬಿದ್ದವನು ಒಬ್ಬನೇ, ಇಸ್ತ್ರಿ ಷರ್ಟಿನವನು. ದೊಡ್ಡವರು ಅವನ ಕವರು ತೆಗೆದು ಕೊಟ್ಟು, ಕೈ ಕುಲುಕಿ, ಇಂಥ ಶಿಸ್ತಿನ ನೌಕರರೇ ಕಂಪನಿಯ ಆಸ್ತಿ ಅಂತ ಹಿಂದಿಯಲ್ಲಿ ಹೇಳಿದರು. ಫೋಟೊ ಬಿತ್ತು. ಫೋಟೊದಲ್ಲಿ ಯೋಗಾನಂದರೂ ಇದ್ದಾರೆ, ಹಲ್ಲು ಕಾಣುತ್ತದೆ. ನ‌ಗುವೋ ಕಡಿಯುವುದೋ ಹೇಳುವುದು ಕಷ್ಟ.

ಕಾರು ಗೇಟು ದಾಟಿದ ಕೂಡಲೇ ಯೋಗಾನಂದರು ತಿರುಗಿದರು. “ಮಮತಾ, ಇವನನ್ನ ಈಗಲೇ ತೆಗೆದುಹಾಕಿ!”

“ಆಗಲ್ಲ ಸರ್” ಅಂದರು ಮಮತಾ. “ಈಗ ಪರ್ಮನೆಂಟ್. ನೋಟಿಸ್ ಕೊಡ್ಬೇಕು, ವಿಚಾರಣೆ ಮಾಡ್ಬೇಕು. ವಿಚಾರಣೆ ಮಾಡಿದ್ರೆ ಇವತ್ತು ಮೇಂಟೆನೆನ್ಸ್ ಅಲ್ಲ ಅಂತ ಮುಂಬೈಗೆ ಗೊತ್ತಾಗುತ್ತೆ.”

ಯೋಗಾನಂದರು ಕೂತುಬಿಟ್ಟರು. ನಟರಾಜು ಮಾತ್ರ ನಿಂತಲ್ಲೇ ಕವರನ್ನು ಎದೆಗೆ ಒತ್ತಿ ಹಿಡಿದಿದ್ದ. ಕಣ್ಣಲ್ಲಿ ನೀರು ತುಂಬಿತ್ತು. ಪರ್ಮನೆಂಟ್! ಮಮತಾ ಮೇಡಂ ಮೆಲ್ಲಗೆ, “ಒಳಗೆ ಓದಿದ್ರಾ?” ಅಂದರು. ಅವರ ಮುಖ ಬಿಳಿಚಿಕೊಂಡಿತ್ತು. ಆರ್ಡರಿನ ಫಾರಂ ತುಂಬಿದವರು ಅವರು. ‘ಕೆಲಸದ ಸ್ಥಳ’ ಅನ್ನುವ ಖಾನೆಗೂ ಅದೇ ಪಟ್ಟಿ. ಅವರೂ ಬಾಣ ಒತ್ತಿರಲಿಲ್ಲ.

ನಟರಾಜು ಬಿಚ್ಚಿ ಓದಿದ. ಹುದ್ದೆ: ಸಹಾಯಕ, ಖಾಯಂ. ಕೆಲಸದ ಸ್ಥಳ: ದೊಡ್ಡಆಲಹಳ್ಳಿ. ಯಾರ ಅಧೀನದಲ್ಲಿ: ಶ್ರೀ ಬೋರಲಿಂಗಯ್ಯ, ಇನ್‌ಚಾರ್ಜ್.

ಉಳಿದವರ ಆರ್ಡರುಗಳೂ ಹಾಗೇ ಇದ್ದವು. ಅವನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ, ಮಮತಾ ಹರಿದುಹಾಕಿ ಹೊಸದು ಮಾಡಿದರು. ನಟರಾಜುವಿನದನ್ನು ದೊಡ್ಡವರೇ ಕೈಯಾರೆ ಕೊಟ್ಟಾಗಿತ್ತು, ಫೋಟೊ ಮುಂಬೈಗೆ ಹೋಗಿತ್ತು.

“ಸಾರ್, ಇದು ತಪ್ಪಾಗಿ...” ಅಂತ ನಟರಾಜು ಶುರು ಮಾಡಿದ.

ಯೋಗಾನಂದರ ಮುಖ ಬೆಳಿಗ್ಗೆಯಿಂದ ಮೊದಲ ಬಾರಿಗೆ ತಿಳಿಯಾಯಿತು. “ಸಿಸ್ಟಮ್‌ನಲ್ಲಿ ಇದ್ದರೆ ಇದೆ” ಅಂದರು. “ಆ ಊರನ್ನ ಪಟ್ಟಿಗೆ ವಾಪಸ್ ಹಾಕಿ, ಕೊನೆಯಲ್ಲಿ ಹಾಕಿ. ಪಾಸ್‌ವರ್ಡ್ ಇಲ್ಲಿ ಕೊಟ್ಟು, ನಾಳೆಯಿಂದ ಅಲ್ಲಿ ಡ್ಯೂಟಿಗೆ ಹೋಗಿ.”

ಹೋಗದೆ ಏನು ಮಾಡುತ್ತಾನೆ? ಉಳಿದ ಊರುಗಳ ಬಸ್ಸು ಸರಿಹೋದವು, ದೊಡ್ಡಆಲಹಳ್ಳಿಯ ಹೆಸರಿನಲ್ಲೂ ಸನಾವುಲ್ಲಾ ಅವರ ಜೊತೆ ಒಪ್ಪಂದವಾಗಿಹೋಗಿದ್ದರಿಂದ ಒಂದು ಬಸ್ಸು ದೊಡ್ಡಆಲಹಳ್ಳಿಗೇ ಉಳಿಯಿತು. ಆ ಕಡೆಯ ಹುಡುಗರನ್ನು ಕೆಲಸಕ್ಕೆ ಸೇರಿಸಿ ಬೆಳಿಗ್ಗೆ ಹತ್ತಿಸುವುದು, ಸಂಜೆ ಇಳಿಸಿಕೊಳ್ಳುವುದು ನಟರಾಜುವಿನ ಕೆಲಸ. ನಡುವಿನ ಹಗಲೆಲ್ಲ ಮಾವನ ಜಗಲಿಯೇ ಆಫೀಸು. ದಿವ್ಯ ಕನಕಪುರದ ಬಾಡಿಗೆ ಮನೆ ಖಾಲಿ ಮಾಡಿಕೊಂಡು ಬಂದಳು. ಟೆಂಪರ್ವರಿ ಅಳಿಯ ಪರ್ಮನೆಂಟ್ ಆಗಿ, ಕಂಪನಿಯ ಸೀಲು ಹಾಕಿಸಿಕೊಂಡು ಮನೆಯಳಿಯನಾದ.

ಬೋರಲಿಂಗಯ್ಯನವರು ಮೊದಲ ದಿನ ಕುರ್ಚಿ ಕೊಟ್ಟರು. ಆಮೇಲೆ ಹಾಜರಿ ಪುಸ್ತಕ ತೆರೆದು, ಜೇಬಿನಿಂದ ಪೆನ್ನು ತೆಗೆದು, ಮೋಡ ನೋಡುವವರಂತೆ ಆಕಾಶ ನೋಡುತ್ತಾ ಹೇಳಿದರು: “ಅಳಿಮಯ್ಯ, ಹುಳ ಕೊನೇ ಜ್ವರ ಎದ್ದವೆ. ಸೊಪ್ಪು ಸಾಲ್ತಿಲ್ಲ. ಒಂದ್ ನಾಲ್ಕ್ ಹೊರೆ ಹಿಪ್ಪುನೇರಳೆ ಕುಯ್ಕಂಡು ಬಂದ್ಬುಡಿ. ಬಂದ್ಮೇಲೆ ಸೈನ್ ಹಾಕ್ತೀನಿ.” ಕೊನೆಯ ಜ್ವರ ಅಂದರೆ ಗೂಡು ಕಟ್ಟುವ ಮೊದಲು ಕಳಚುವ ಕೊನೆಯ ಪೊರೆ, ಅದನ್ನು ಕಳಚಿ ಎದ್ದ ರೇಷ್ಮೆ ಹುಳು ಹಗಲೂ ತಿನ್ನುತ್ತದೆ, ರಾತ್ರಿಯೂ ತಿನ್ನುತ್ತದೆ. ನಟರಾಜು ಇಸ್ತ್ರಿ ಷರ್ಟು ಬಿಚ್ಚಿಟ್ಟು ತೋಟಕ್ಕೆ ಇಳಿದ. ಕೂತಲ್ಲಿ ಅಲ್ಲಾಡುತ್ತಿದ್ದ ಕಾಲಿಗೆ ಈಗ ಬೇಕಾದಷ್ಟು ಕೆಲಸ.

ವಾರ ಕಳೆಯುವುದರೊಳಗೆ ಅವನು ಮಮತಾ ಮೇಡಂಗೆ ಫೋನು ಮಾಡಿದ. “ಮೇಡಂ, ನನ್ನನ್ನ ಹಾರೋಹಳ್ಳಿಗೆ ಹಾಕುಸ್ಕೊಳಿ. ಏನ್ ಫಾರಂ ಬೇಕಾದ್ರೂ ತುಂಬ್ತೀನಿ.”

“ವರ್ಗಾವಣೆ ಫಾರಂ ಇದೆ ನಟರಾಜು. ಆದ್ರೆ ಇನ್‌ಚಾರ್ಜ್ ಸೈನ್ ಇಲ್ದೆ ಮುಂದಕ್ಕೆ ಹೋಗಲ್ಲ.”

ಸೈನ್ ಕೇಳಿದ್ದಕ್ಕೆ ಬೋರಲಿಂಗಯ್ಯನವರಿಗೆ ನಿಜವಾಗಿ ನೋವಾಯಿತು. “ನಿಮ್ಮನ್ನ ಬುಟ್ಬುಡಾದಾ? ಊರೆಲ್ಲ ನೋಡ್ತೈತೆ. ಬಸ್ ಬಂದೈತೆ, ಗಂಗಯ್ಯನ ಮಗ್ನೂ ಅದ್ರಲ್ಲೇ ಹತ್ತಿ ಕೆಲ್ಸಕ್ಕೆ ಹೋಯ್ತಾವ್ನೆ. ನಿಮ್ ಕಾಲ್ಗುಣ. ಈ ಬೆಳೆ ಗೂಡು ಕಟ್ಲಿ, ಮುಂದಿನ ಬೆಳೆ ನೋಡವ” ಅಂದರು. ಪೆನ್ನು ಜೇಬಿಗೆ ಹೋಯಿತು.

ಭಾನುವಾರ ಧನುಶ್ರೀಯನ್ನು ಕರೆದುಕೊಂಡು ಸ್ವಾಮಿ ಬಂದ. ನಾಲ್ಕು ಬಸ್ಸಿನ ನಡುವೆ ಸಿಕ್ಕಿಕೊಂಡ ದಿನದಿಂದ ಡಿಪೋದವರು ಅವನ ಬಸ್ಸಿನ ದಾರಿ ಬದಲಿಸಿದ್ದರು, ಮುಖ್ಯರಸ್ತೆಯಲ್ಲಿ ಇಳಿದು ಬಿಸಿಲಲ್ಲಿ ನಡೆದೇ ಬಂದ. ಅದನ್ನು ನೋಡಿ ತೋಟದಿಂದ ಬರುತ್ತಿದ್ದ ನಟರಾಜುವಿಗೆ ತಲೆಯ ಮೇಲಿನ ಸೊಪ್ಪಿನ ಹೊರೆ ಹಗುರವಾಯಿತು. ಮನೆಯೊಳಗೆ ಬಾಡಿನ ಸಾರು ಕುದಿಯುತ್ತಿತ್ತು. ಕೈಕಾಲು ತೊಳೆದು, ಸಾಲಿನಲ್ಲಿ ಮೊದಲನೆಯ ಎಲೆಗೆ ಹೋಗಿ ಕೂತ. ಬಸ್ಸು ತಂದವನು, ಫ್ಯಾನು ತಿರುಗಿಸಿದವನು, ಪರ್ಮನೆಂಟು. ಇವತ್ತು ಅಲ್ಲದಿದ್ದರೆ ಇನ್ನು ಯಾವತ್ತು?

ಕಾವೇರಮ್ಮ ಸೌಟು ಹಾಕಿ, ತಳದಲ್ಲಿ ತಡಕಾಡಿ, ನಲ್ಲಿಮೂಳೆಯನ್ನು ಹಿಡಿದು ತಂದರು. ನಟರಾಜುವಿನ ಎಲೆಯ ಮೇಲೆ ಸೌಟು ಒಂದು ಗಳಿಗೆ ನಿಂತಿತು.

“ಏಯ್, ಅವ್ರಿಗಲ್ಲ ಕಣಮ್ಮೀ!” ಅಂದರು ಬೋರಲಿಂಗಯ್ಯ. “ಸ್ವಾಮಪ್ಪಂಗೆ ಬಡ್ಸು. ಅವ್ರು ಬಂದೋಗೋರು, ನೆಂಟ್ರು. ಮೊದ್ಲು ನೆಂಟ್ರಿಗೆ.” ಆಮೇಲೆ ನಟರಾಜುವಿನ ಬೆನ್ನಿನ ಮೇಲೆ ಪ್ರೀತಿಯಿಂದ ಕೈಯಿಟ್ಟರು. “ನಾವ್ ಮನೆಯವ್ರು. ಕೊನೇಲಿ ಏನ್ ಉಳಿದ್ರೆ ಅದು. ಅಲ್ವಾ ಅಳಿಮಯ್ಯ?”

‘ನಾವು’ ಅಂದರಲ್ಲ ಮಾವ, ಅದೊಂದೇ ಸಾಕಾಯಿತು ನಟರಾಜುವಿಗೆ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ಕೂತ. ಅಲ್ಲಿ ಬಡಿಸುತ್ತಾ ಬಂದ ದಿವ್ಯ, ತಳದಲ್ಲಿ ಉಳಿದಿದ್ದ ಆಲೂಗಡ್ಡೆಯನ್ನೆಲ್ಲ ಅವನಿಗೇ ಹಾಕಿದಳು.